ಛದ್ಮವೇಷ ಸಾಕು, ಕೆಲಸ ತೋರಿಸೋಣ

(ಮೈಸೂರಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರು ಮತ್ತು ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಪ್ರಶ್ನೋತ್ತರದ ಒಂದು ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಛದ್ಮವೇಷ ಸ್ಪರ್ಧೆಯಿಂದಲೇ ಶುರು ಮಾಡುತ್ತೇನೆ. ನಮ್ಮ ಯಾವ ಶಾಲೆಯ ವಾರ್ಷಿಕೋತ್ಸವಕ್ಕೆ ಹೋದರೂ ವೇದಿಕೆ ಮೇಲೆ ನಾಲ್ಕು ಜನ ಡಾಕ್ಟರು, ಮೂರು ಜನ ಪೊಲೀಸರು, ಇಬ್ಬರು ಸೈನಿಕರು, ಒಬ್ಬ ರೈತ ಇದ್ದೇ ಇರುತ್ತಾರೆ. ರೈತನ ಹೆಗಲ ಮೇಲೆ ಥರ್ಮಾಕೋಲಿನ ನೇಗಿಲು. ಬಾಡಿಗೆ ಬಟ್ಟೆ ಅಂಗಡಿಯಲ್ಲಿ ಯಾವ ವೇಷ ಸಿಗುತ್ತದೋ ಅಷ್ಟೇ ನಮ್ಮ ಮಕ್ಕಳಿಗೆ ಗೊತ್ತಿರುವ ಉದ್ಯೋಗ. ಮಗು ಮೈಕ್ ಹಿಡಿದು "ನಾನು ಡಾಕ್ಟರ್, ರೋಗಿಗಳ ಜೀವ ಉಳಿಸುತ್ತೇನೆ" ಎಂದು ಬಾಯಿಪಾಠ ಒಪ್ಪಿಸಿ ಇಳಿದು ಬರುತ್ತದೆ. ಡಾಕ್ಟರು ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತಾರೆ ಅಂತ ಅದೇ ಮಗುವನ್ನು ಕೇಳಿ ನೋಡಿ. "ಸೂಜಿ ಚುಚ್ತಾರೆ." ಮುಗೀತು.

ವೇಷದ ಮೇಲೆ ನನಗೇನೂ ಸಿಟ್ಟಿಲ್ಲ. ಮಕ್ಕಳು ಖುಷಿಯಾಗಿ ಹಾಕಿಕೊಳ್ಳುತ್ತಾರೆ, ಹಾಕಿಕೊಳ್ಳಲಿ. ಆದರೆ ಐದಾರು ವರ್ಷದ ಮಕ್ಕಳಿಗೆ ಉದ್ಯೋಗಗಳ ಪರಿಚಯ ಮಾಡಿಸುತ್ತೇವೆ ಎಂದು ಹೊರಟವರು ಬಟ್ಟೆ ಮತ್ತು ಹೆಸರಿಗೇ ನಿಂತುಬಿಟ್ಟರೆ ಸಾಲದು. ಕೈ ಏನು ಮಾಡುತ್ತದೆ? ಯಾವ ಸಾಮಾನು ಬೇಕು? ಎಲ್ಲಿ ಎಡವಟ್ಟಾಗುತ್ತದೆ? ಇದು ಮಗುವಿನ ಕಣ್ಣಿಗೆ ಬೀಳಬೇಕು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಇಷ್ಟು ಚಿಕ್ಕ ಮಕ್ಕಳಿಗೆ ಈಗಲೇ ಯಾಕೆ, ಹೈಸ್ಕೂಲಿಗೆ ಬಂದಮೇಲೆ ನೋಡಿದರಾಯಿತು ಎಂದು ನೀವು ಕೇಳಬಹುದು. ಲಿಂಡಾ ಗಾಟ್‌ಫ್ರೆಡ್‌ಸನ್ ಎಂಬ ಅಮೆರಿಕದ ಸಂಶೋಧಕಿ 1981ರಲ್ಲಿ ಒಂದು ವಾದ ಮುಂದಿಟ್ಟರು. ಮಕ್ಕಳು ಉದ್ಯೋಗ ಆರಿಸಿಕೊಳ್ಳುವುದಕ್ಕೆ ಎಷ್ಟೋ ವರ್ಷ ಮೊದಲೇ ಒಂದೊಂದನ್ನೇ ಕೈಬಿಡುತ್ತಾ ಬರುತ್ತಾರೆ ಎನ್ನುವುದು ಅದರ ತಿರುಳು. ಮೂರರಿಂದ ಐದು ವರ್ಷದಲ್ಲಿ ಮಗುವಿಗೆ ದೊಡ್ಡವರು, ಚಿಕ್ಕವರು ಅನ್ನುವುದಷ್ಟೇ ಲೆಕ್ಕ. ಆರರಿಂದ ಎಂಟರೊಳಗೆ "ಇದು ಗಂಡಸರ ಕೆಲಸ, ಇದು ಹೆಂಗಸರ ಕೆಲಸ" ಎಂಬ ಗೆರೆ ಬೀಳುತ್ತದೆ. ಒಂಬತ್ತು ದಾಟಿದ ಮೇಲೆ ಯಾವ ಕೆಲಸಕ್ಕೆ ಮರ್ಯಾದೆ ಜಾಸ್ತಿ, ಯಾವುದಕ್ಕೆ ಕಡಿಮೆ ಎಂಬ ಲೆಕ್ಕ ಶುರುವಾಗುತ್ತದೆ. ಒಮ್ಮೆ ಬಿಟ್ಟದ್ದನ್ನು ಮತ್ತೆ ಎತ್ತಿಕೊಂಡು ನೋಡುವುದು ಕಡಿಮೆ. ಇದು ಅವರ ದೇಶವನ್ನು ನೋಡಿ ಹೇಳಿದ ಮಾತು. ನಮ್ಮಲ್ಲಿ ಇದರ ಜೊತೆಗೆ ಜಾತಿಯ ಗೆರೆಯೂ ಇದೆ. ಅದರ ಮಾತಿಗೆ ಆಮೇಲೆ ಬರುತ್ತೇನೆ.

2016ರಲ್ಲಿ ಬ್ರಿಟನ್ನಿನ ಒಂದು ಶಾಲೆಯಲ್ಲಿ ಐದರಿಂದ ಏಳು ವರ್ಷದ ಮಕ್ಕಳಿಗೆ ಅಗ್ನಿಶಾಮಕ ಸಿಬ್ಬಂದಿ, ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರು, ಯುದ್ಧವಿಮಾನದ ಪೈಲಟ್, ಈ ಮೂವರ ಚಿತ್ರ ಬರೆಯಲು ಹೇಳಿದರು. ಬಂದ 66 ಚಿತ್ರಗಳಲ್ಲಿ 61ರಲ್ಲಿ ಗಂಡಸರು, 5ರಲ್ಲಿ ಮಾತ್ರ ಹೆಂಗಸರು. ಆಮೇಲೆ ಆ ಮೂರೂ ಕೆಲಸ ಮಾಡುವ ಮೂವರು ಹೆಣ್ಣುಮಕ್ಕಳೇ ತರಗತಿಯ ಬಾಗಿಲು ತೆರೆದು ಒಳಗೆ ಬಂದರು. ಮಕ್ಕಳ ಬಾಯಿ ತೆರೆದೇ ಇತ್ತು. ಆ ವಯಸ್ಸಿನಲ್ಲಿ ಉಪದೇಶ ಕೆಲಸಕ್ಕೆ ಬರುವುದಿಲ್ಲ. ಎದುರಿಗೆ ಒಬ್ಬರು ಬಂದು ನಿಂತರೆ ಸಾಕು.

ಸರಿ, ಎದುರಿಗೆ ಯಾರನ್ನು ನಿಲ್ಲಿಸುವುದು? ನಾವು ಕೂತಿರುವುದು ಮೈಸೂರಿನಲ್ಲಿ. ಇಂಥ ಊರಲ್ಲಿದ್ದುಕೊಂಡು ಮಕ್ಕಳಿಗೆ ಅಪರೂಪದ ಕೆಲಸ ತೋರಿಸಲು ಮಾಲ್‌ಗೆ ಕರೆದುಕೊಂಡು ಹೋಗಬೇಕಾ?

ಅರಮನೆಯ ದೀಪಾಲಂಕಾರ ನೋಡದ ಮಗು ಈ ಊರಲ್ಲಿಲ್ಲ. ಹತ್ತಿರಹತ್ತಿರ ಒಂದು ಲಕ್ಷ ಬಲ್ಬು. ಅದರಲ್ಲಿ ಒಂದು ಸುಟ್ಟುಹೋದರೆ? ದಸರಾ ಬಂತೆಂದರೆ ಕೆಟ್ಟ ಬಲ್ಬುಗಳನ್ನು ಹುಡುಕಿ ಬದಲಾಯಿಸುವವರು ಇದ್ದಾರೆ. ನಾವು "ವಾವ್" ಎಂದು ಫೋಟೋ ತೆಗೆದುಕೊಂಡು, ಚುರುಮುರಿ ತಿಂದು ವಾಪಸ್ ಬರುತ್ತೇವೆ. ಮುಂದಿನ ಭಾನುವಾರ ಹೋದಾಗ ಮಗುವಿಗೆ ಒಂದೇ ಕೆಲಸ ಕೊಡಿ: ಉರಿಯದೇ ಇರುವ ಬಲ್ಬು ಹುಡುಕು. ಆಮೇಲೆ "ಅಲ್ಲಿಗೆ ಅವರು ಹೇಗೆ ಹತ್ತುತ್ತಾರೆ?" ಎಂಬ ಪ್ರಶ್ನೆ ತಾನಾಗಿ ಬರುತ್ತದೆ.

ಇನ್ನು ಮತದಾನದ ಶಾಯಿ. ವೋಟು ಹಾಕಿ ಬಂದ ಅಮ್ಮನ ಬೆರಳನ್ನು ಮಕ್ಕಳು ಉಜ್ಜಿ ನೋಡುತ್ತಾರಲ್ಲ, ಅದು ತಯಾರಾಗುವುದು ಇದೇ ಊರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದದ್ದು. 1962ರ ಚುನಾವಣೆಯಿಂದ ಈಚೆಗೆ ದೇಶಕ್ಕೆಲ್ಲ ಶಾಯಿ ಇಲ್ಲಿಂದಲೇ ಹೋಗುತ್ತದೆ. ಹೊರದೇಶಗಳಿಗೂ ಹೋಗುತ್ತದೆ. ಹತ್ತು ಮಿಲಿಲೀಟರಿನ ಪುಟ್ಟ ಸೀಸೆ ಸುಮಾರು 700 ಜನರ ಬೆರಳಿಗೆ ಸಾಕು. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಅಂಟಿ, ಬೆಳಕು ತಾಗಿ ಕಪ್ಪಾಗುತ್ತದೆ. ಸೋಪಿಗೂ ಜಗ್ಗುವುದಿಲ್ಲ. ಉಗುರು ಬೆಳೆದು ಹೋಗುವವರೆಗೆ ಗುರುತು ಉಳಿಯುತ್ತದೆ. "ಹೋಗಲೇಬಾರದ ಕಲೆ" ಮಾಡುವುದೇ ಒಬ್ಬರ ಕೆಲಸ ಎಂದರೆ ಒಂದನೇ ಕ್ಲಾಸಿನ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಪಾಪ, ಕಲೆ ಮಾಡಿಕೊಂಡು ಬಂದದ್ದಕ್ಕೆ ಅವರಿಗೆ ಮನೆಯಲ್ಲಿ ದಿನಾ ಬೈಗುಳ.

ನನಗೆ ಇವೆಲ್ಲಕ್ಕಿಂತ ಇಷ್ಟವಾದ ಕೆಲಸ ಇನ್ನೊಂದಿದೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಕೇಳಿಸಿಕೊಳ್ಳಿ.

ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ ಮೈಸೂರಿನಲ್ಲಿದೆ. ಊರೂರು ತಿರುಗಿ, ಕಲ್ಲಿನ ಮೇಲೆ ಬರೆದದ್ದನ್ನು ಓದುವುದೇ ಕಸುಬಾದ ಜನ ಅಲ್ಲಿದ್ದಾರೆ. ಓದುವುದಕ್ಕೆ ಮೊದಲು ಕಲ್ಲಿನ ಪಡಿಯಚ್ಚು ತೆಗೆಯಬೇಕು. ಹೇಗೆ ಗೊತ್ತಾ? ಮೊದಲು ಕಲ್ಲಿಗೆ ನೀರು ಹಾಕಿ ಬ್ರಷ್‌ನಿಂದ ಉಜ್ಜುತ್ತಾರೆ. ಪಾಚಿ, ಮಣ್ಣು, ಯಾರೋ ಬಳಿದ ಎಣ್ಣೆ, ಕುಂಕುಮ ಎಲ್ಲ ಹೋಗಬೇಕು. ಆಮೇಲೆ ಒದ್ದೆ ಮಾಡಿದ ಕಾಗದವನ್ನು ಕಲ್ಲಿನ ಮೇಲೆ ಹಾಸುತ್ತಾರೆ. ಒರಟು ಕೂದಲಿನ ಬ್ರಷ್ ತೆಗೆದುಕೊಂಡು ಕಾಗದದ ಮೇಲೆ ಟಪಟಪ ಬಡಿಯುತ್ತಾರೆ. ಬಡಿತ ಜೋರಾದರೆ ಕಾಗದ ಹರಿಯುತ್ತದೆ. ಮೆತ್ತಗಾದರೆ ಅಕ್ಷರದ ಹಳ್ಳದೊಳಗೆ ಕಾಗದ ಇಳಿಯುವುದಿಲ್ಲ. ಸರಿಯಾಗಿ ಇಳಿದು, ಅರೆಬರೆ ಒಣಗಿದಾಗ ಮಸಿ ಹಚ್ಚಿದ ಬಟ್ಟೆಯ ಉಂಡೆಯಿಂದ ಮೇಲೆ ಮೇಲೆ ಒತ್ತುತ್ತಾರೆ. ಉಬ್ಬಿದ ಜಾಗಕ್ಕೆ ಮಸಿ ಹತ್ತುತ್ತದೆ, ತಗ್ಗಿದ ಅಕ್ಷರಕ್ಕೆ ಹತ್ತುವುದಿಲ್ಲ. ಪೂರ್ತಿ ಒಣಗಿದ ಮೇಲೆ ಹುಷಾರಾಗಿ ಬಿಡಿಸಿದರೆ ಕಪ್ಪು ಕಾಗದದಲ್ಲಿ ಬಿಳಿ ಅಕ್ಷರ. ಸಾವಿರ ವರ್ಷದ ಕಲ್ಲನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಬಹುದು!

ಹಳೆಯ ಮೈಸೂರು ಸೀಮೆಯ ಶಾಸನಗಳನ್ನು ಕಲೆಹಾಕಿದ ಬಿ.ಎಲ್. ರೈಸ್ ಅವರ ಕಾಲದಿಂದ ಹೀಗೆ ಸೀಮೆಯೆಲ್ಲ ಸುತ್ತಿದವರ ದುಡಿಮೆಯಿಂದಲೇ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಸಂಪುಟಗಳು ಬಂದದ್ದು. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದದ್ದು ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು. ಇದನ್ನೆಲ್ಲ ಆರು ವರ್ಷದ ಮಗುವಿಗೆ ಹೇಳಬೇಕಾಗಿಲ್ಲ, ಇಸವಿ ಅಂತೂ ಬೇಡವೇ ಬೇಡ. ಐದು ರೂಪಾಯಿ ನಾಣ್ಯ, ಒಂದು ಹಾಳೆ, ಪೆನ್ಸಿಲ್ ಕೊಡಿ. ನಾಣ್ಯದ ಮೇಲೆ ಹಾಳೆ ಇಟ್ಟು ಉಜ್ಜುವುದು ಎಲ್ಲ ಮಕ್ಕಳಿಗೂ ಗೊತ್ತು. ಆಮೇಲೆ ಅವರನ್ನು ಬೀದಿಗೆ ಬಿಡಿ. ಗೇಟಿನ ಹೆಸರಿನ ಫಲಕ, ಮ್ಯಾನ್‌ಹೋಲ್ ಮುಚ್ಚಳ, ದೇವಸ್ಥಾನದ ಮೆಟ್ಟಿಲಲ್ಲಿ ಕೆತ್ತಿದ ದಾನಿಗಳ ಹೆಸರು, ಎಲ್ಲದರ ಅಚ್ಚು ತೆಗೆದುಕೊಂಡು ಬರುತ್ತಾರೆ. ಹಳೆಯ ಶಾಸನದ ಕಲ್ಲಿನ ಮೇಲೆ ಮಾತ್ರ ಬೇಡ, ಅದನ್ನು ಬಲ್ಲವರೇ ಮುಟ್ಟಬೇಕು. ಇಷ್ಟಾದ ಮೇಲೆ "ದೊಡ್ಡ ದೊಡ್ಡ ಕಲ್ಲಿಗೆ ಹೀಗೆ ಮಾಡಿ, ಅದರಲ್ಲಿ ಏನಿದೆ ಅಂತ ಕಂಡುಹಿಡಿಯೋರು ಇದಾರೆ" ಎಂದು ಹೇಳಿ ನೋಡಿ. ಆಗ ಆ ಮಾತಿಗೆ ಅವರ ಕೈಯಲ್ಲೇ ಜಾಗ ಇರುತ್ತದೆ.

ಕ್ರಮ ಹೀಗೇ ಇರಲಿ: ಕೈ ಮೊದಲು, ಹೆಸರು ಆಮೇಲೆ. ಚಾರ್ಟ್ ತೂಗುಹಾಕಿ "ಶಾಸನತಜ್ಞ" ಎಂದು ಓದಿಸಿದರೆ ಆ ಪದ ನಾಳೆಗೇ ಮರೆತುಹೋಗುತ್ತದೆ.

ಇದೇ ರೀತಿ ರುಚಿ ನೋಡುವವರ ಕೆಲಸ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾದ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ನಮ್ಮಲ್ಲೇ ಇದೆ. ಆಹಾರದ ರುಚಿ, ವಾಸನೆ, ಬಣ್ಣವನ್ನು ಶಿಸ್ತಾಗಿ ಪರೀಕ್ಷೆ ಮಾಡುವುದು ಒಂದು ವಿಜ್ಞಾನ. ಕಾಫಿ, ಟೀ ಉದ್ಯಮದಲ್ಲೂ ಇಂಥವರಿದ್ದಾರೆ. ಚಮಚದಲ್ಲಿ ಕಾಫಿ ತೆಗೆದುಕೊಂಡು ಸೊರ್ ಎಂದು ಜೋರಾಗಿ ಹೀರುತ್ತಾರೆ, ಬಾಯಲ್ಲಿ ಆಡಿಸುತ್ತಾರೆ, ಉಗಿಯುತ್ತಾರೆ. ಮನೆಯಲ್ಲಿ ಮಾಡಿದರೆ ಅಜ್ಜಿ ತಲೆಗೆ ಮೊಟಕುತ್ತಾರೆ, ಅಲ್ಲಿ ಅದಕ್ಕೆ ಸಂಬಳ. ಮಕ್ಕಳ ಜೊತೆ ಒಂದು ಆಟ ಆಡಿ. ಮೂರು ಲೋಟ ಬೆಲ್ಲದ ನೀರು ಇಡಿ. ಎರಡರಲ್ಲಿ ಒಂದೇ ಪ್ರಮಾಣದ ಬೆಲ್ಲ, ಮೂರನೆಯದರಲ್ಲಿ ಒಂದು ಚೂರು ಜಾಸ್ತಿ. ಬೇರೆ ಯಾವುದು ಅಂತ ಹೇಳಬೇಕು. ನಡುವೆ ಬಾಯಿ ಮುಕ್ಕಳಿಸಬೇಕು, ಪಕ್ಕದವರನ್ನು ಕೇಳುವ ಹಾಗಿಲ್ಲ. ರುಚಿ ಪರೀಕ್ಷೆಯ ಲ್ಯಾಬುಗಳಲ್ಲೂ ಇದೇ ಮೂರು ಲೋಟದ ವಿಧಾನ ಇದೆ. ತರಗತಿಯಲ್ಲಿ ಓದು, ಬರಹದಲ್ಲಿ ಹಿಂದೆ ಇರುವ ಮಗು ಇಲ್ಲಿ ಥಟ್ಟನೆ ಸರಿಯಾದ ಲೋಟ ತೋರಿಸಿಬಿಡಬಹುದು. ಶಿಕ್ಷಕರು ಅದನ್ನು ಗಮನಿಸಬೇಕು.

ಆನೆಗಳ ಸುದ್ದಿ ಬರದೆ ಮೈಸೂರಿನ ಮಾತು ಮುಗಿಯುವುದುಂಟೇ? ದಸರಾಕ್ಕೆ ಕಾಡಿನ ಶಿಬಿರಗಳಿಂದ ಆನೆಗಳು ಬರುತ್ತವೆ. ಬಂದಕೂಡಲೇ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕ ನೋಡುತ್ತಾರೆ. 750 ಕೆಜಿಯ ಅಂಬಾರಿ ಹೊರುವ ಆನೆಗೆ ಮೊದಲು ಮರಳು ಮೂಟೆ ಹೊರಿಸಿ ತಾಲೀಮು. ಭಾರ ದಿನದಿನಕ್ಕೆ ಏರುತ್ತದೆ. ಮಕ್ಕಳು ಆನೆಯನ್ನು ನೋಡುತ್ತಾರೆ, ಆನೆಯ ಜೊತೆ ಇರುವವರನ್ನು ನೋಡುವುದಿಲ್ಲ. ಮಾವುತ ಯಾರು, ಕಾವಾಡಿ ಯಾರು ಅಂತ ಮಕ್ಕಳಿಗೆ ಬಿಡಿ, ಇಲ್ಲಿ ಕೂತಿರುವ ಎಷ್ಟು ಜನರಿಗೆ ಗೊತ್ತು? ಮಾವುತ ಆನೆಯ ಮೇಲೆ ಕೂತು ನಡೆಸುತ್ತಾನೆ. ಮೇವು ತರುವುದು, ಮೈ ತೊಳೆಯುವುದು, ಕಟ್ಟುವುದು ಬಿಚ್ಚುವುದರಲ್ಲಿ ಕಾವಾಡಿಯ ಪಾಲು ದೊಡ್ಡದು. ಹುಲ್ಲಿನ ನಡುವೆ ಭತ್ತ, ತೆಂಗಿನಕಾಯಿ, ಬೆಲ್ಲ ಇಟ್ಟು ಕಟ್ಟುತ್ತಾರೆ. ಅದಕ್ಕೆ ಕುಸುರೆ ಅನ್ನುತ್ತಾರೆ. ಆ ಕಟ್ಟು ಕಟ್ಟುವ ಕೈಯನ್ನು ಒಮ್ಮೆ ಹತ್ತಿರದಿಂದ ನೋಡಿಸಿ. ಹುಲ್ಲನ್ನು ತಿರುವಿ ಗಂಟು ಹಾಕುವುದು ನೋಡಲು ಸುಲಭ, ಮಾಡಲು ಹೋದರೆ ಬಿಚ್ಚಿಕೊಳ್ಳುತ್ತದೆ.

ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನನ್ನು ಕೇಳಿದ್ದಳು, "ಮಿಸ್, ಆಂಟಿ ಮಾವುತರು ಇಲ್ವಾ?" ಎಂದು. ಇಲ್ಲಿ ನಾನು ಕಂಡಿಲ್ಲ. ಆದರೆ ಅಸ್ಸಾಮಿನಲ್ಲಿ ಪಾರ್ಬತಿ ಬರುವಾ ಇದ್ದಾರೆ. ಆನೆ ಪಳಗಿಸುವುದರಲ್ಲಿ ಹೆಸರು ಮಾಡಿದವರು, 2024ರಲ್ಲಿ ಪದ್ಮಶ್ರೀ ಬಂತು. ಆ ಹುಡುಗಿಗೆ ಅವರ ಫೋಟೋ ತೋರಿಸಿದೆ. ಪದ್ಮಶ್ರೀ ಬಗ್ಗೆ ಅವಳಿಗೆ ಏನೂ ಅನ್ನಿಸಲಿಲ್ಲ. "ಅವರು ಆನೆ ಮೇಲೆ ಹೇಗೆ ಹತ್ತುತ್ತಾರೆ, ಸ್ಟೂಲ್ ಇರುತ್ತಾ?" ಅಂತ ಕೇಳಿದಳು. ಸರಿಯಾದ ಪ್ರಶ್ನೆ.

ದಸರಾ ಮುಗಿಯುವವರೆಗೆ ಮಾವುತರು, ಕಾವಾಡಿಗಳ ಕುಟುಂಬಗಳು ಅರಮನೆ ಆವರಣದಲ್ಲೇ ಇರುತ್ತವೆ. ಅವರ ಮಕ್ಕಳಿಗಾಗಿ ಅಲ್ಲೇ ಟೆಂಟ್ ಶಾಲೆ ನಡೆಯುತ್ತದೆ. ಈಗ ಒಂದು ಕಷ್ಟದ ಪ್ರಶ್ನೆ. ನಮ್ಮ ಮಕ್ಕಳಿಗೆ ಮಾವುತನ ಕೆಲಸ "ಇಂಟರೆಸ್ಟಿಂಗ್". ಆ ಟೆಂಟಿನ ಮಗುವಿಗೆ? ಅಪ್ಪ ಮಾಡಿದ್ದನ್ನೇ ಮಗನೂ ಮಾಡಬೇಕು ಎನ್ನುವ ಒತ್ತಡ ಅಲ್ಲಿರಬಹುದು. ಅವನಿಗೆ ಕಲ್ಲಿನ ಅಚ್ಚು ತೆಗೆಯುವವರನ್ನೂ, ರುಚಿ ನೋಡುವವರನ್ನೂ ತೋರಿಸಬೇಕಲ್ವಾ? ಅಪರೂಪದ ಕೆಲಸಗಳ ಪರಿಚಯ ಅಂದರೆ ಪಟ್ಟಣದ ಮಕ್ಕಳು ಬಡವರ ಕಸುಬನ್ನು ಪ್ರವಾಸ ಹೋಗಿ ನೋಡುವುದು ಅಂತಾಗಬಾರದು. ನನಗೆ ಈ ವಿಷಯದಲ್ಲಿ ಹೆಚ್ಚು ಭಯ ಇರುವುದು ಇಲ್ಲೇ.

ಜಾತಿಯ ಮಾತಿಗೆ ಬರುತ್ತೇನೆ ಎಂದಿದ್ದೆ. 2015ರಲ್ಲೂ 2016ರಲ್ಲೂ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೈಸೂರು ಮೊದಲು ಬಂತು. ನಾವೆಲ್ಲ ವಾಟ್ಸಾಪಿನಲ್ಲಿ ಹಂಚಿಕೊಂಡು ಬೀಗಿದೆವು. ಅದನ್ನು ಗೆದ್ದುಕೊಟ್ಟವರು ಬೆಳಗಿನ ಜಾವ ಎದ್ದು ಬೀದಿಗೆ ಬರುವ ಪೌರಕಾರ್ಮಿಕರು. ಮಕ್ಕಳಿಗೆ ಇವರ ಕೆಲಸವನ್ನೂ ತೋರಿಸಬೇಕು. ಕುಂಬಾರಕೊಪ್ಪಲಿನಲ್ಲಿರುವಂಥ ತ್ಯಾಜ್ಯ ಘಟಕದಲ್ಲಿ ಹಾಲಿನ ಕವರು, ಚಪ್ಪಲಿ, ಬಾಟಲಿ, ತೆಂಗಿನ ಚಿಪ್ಪು ಹೇಗೆ ಬೇರೆ ಬೇರೆ ರಾಶಿಯಾಗುತ್ತವೆ ಎಂದು ನೋಡಿದರೆ ಕಸ ವಿಂಗಡಿಸುವುದು ಎಷ್ಟು ಕಣ್ಣಿನ ಕೆಲಸ ಎಂದು ಗೊತ್ತಾಗುತ್ತದೆ. ಆದರೆ "ಎಲ್ಲ ಕೆಲಸವೂ ಒಂದೇ, ಕಾಯಕವೇ ಕೈಲಾಸ" ಎಂದು ಹಾಡಿಸಿ ಸುಮ್ನೆ ಇದ್ದುಬಿಡುವುದು ಸುಳ್ಳಾಗುತ್ತದೆ. ಈ ಕೆಲಸ ಯಾವ ಜಾತಿಯವರ ಪಾಲಿಗೆ ಬಂತು, ಯಾಕೆ ಬಂತು ಎನ್ನುವುದು ನಮಗೆ ಗೊತ್ತಿದೆ. ಆರು ವರ್ಷದ ಮಗುವಿಗೆ ಆ ಚರಿತ್ರೆಯೆಲ್ಲ ಬೇಡ. ಅದಕ್ಕೆ ಅರ್ಥವಾಗುವ ಒಂದು ಮಾತು ಹೇಳಬಹುದು: ಗ್ಲೌಸು, ಬೂಟು ಇಲ್ಲದೆ ಯಾರೂ ಈ ಕೆಲಸ ಮಾಡಬಾರದು, ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸಬಾರದು, ಅದಕ್ಕೆ ಮೆಷಿನ್ ಇದೆ. ಕೈಯಿಂದ ಮಲ ಬಾಚಿಸುವುದರ ವಿರುದ್ಧ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೂ ಬಿಗಿಯಾದ ಇನ್ನೊಂದು ಬಂತು. ಮಕ್ಕಳು ಈ ಮಾತನ್ನು ನಮಗಿಂತ ಬೇಗ ಹಿಡಿಯುತ್ತಾರೆ. "ಅವರಿಗೆ ಗ್ಲೌಸ್ ಯಾಕಿಲ್ಲ?" ಎಂದು ಬೀದಿಯಲ್ಲಿ ಜೋರಾಗಿ ಕೇಳಿ ನಿಮಗೆ ಮುಜುಗರ ತಂದರೆ, ತರಲಿ ಬಿಡಿ.

ಕೆಲಸ ಮಾಡುವವರನ್ನು ಶಾಲೆಗೆ ಕರೆಯುವುದು ಹೇಗೆ ಎಂದು ತುಂಬಾ ಜನ ಕೇಳುತ್ತಾರೆ. ದಯವಿಟ್ಟು ಭಾಷಣ ಮಾಡಿಸಬೇಡಿ. ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹೆಡ್‌ಮಿಸ್ಸು ಹತ್ತು ನಿಮಿಷ ಪರಿಚಯ ಮಾಡಿಕೊಟ್ಟರೆ ಪಾಪ ಬಂದವರು ಮಂತ್ರಿಗಳ ಥರ ಕೈಕಟ್ಟಿ ಕೂರುತ್ತಾರೆ. ಅವರು ತಮ್ಮ ಸಾಮಾನು ತರಲಿ. ಗಡಿಯಾರ ರಿಪೇರಿಯವರು ಕಣ್ಣಿಗೆ ಹಾಕುವ ಭೂತಗನ್ನಡಿ, ಚಿಮಟ ತರಲಿ. ಹೂ ಕಟ್ಟುವ ಅಮ್ಮ ಬಾಳೆ ನಾರು, ಒಂದು ಬುಟ್ಟಿ ಹೂ ತರಲಿ. ಅವರು ಕೂತು ಕೆಲಸ ಮಾಡಲಿ, ಮಕ್ಕಳು ಸುತ್ತ ಕೂರಲಿ. ಕಾಲು ಗಂಟೆ ಸಾಕು. ಶಿಕ್ಷಕರು ಕೇಳುವ ಪ್ರಶ್ನೆ "ಇದಕ್ಕೆ ಏನು ಓದಿರಬೇಕು?" ಮಕ್ಕಳು ಕೇಳುವುದು "ಊಟ ಎಲ್ಲಿ ಮಾಡ್ತೀರಾ?", "ಕೈ ನೋಯಲ್ವಾ?", "ಮೊದಲನೇ ದಿನ ಏನು ಹಾಳು ಮಾಡಿದ್ರಿ?" ಎರಡನೆಯ ಗುಂಪಿನ ಪ್ರಶ್ನೆಗಳನ್ನು ತಡೆಯಬೇಡಿ.

ಇನ್ನೊಂದು ವಿಷಯ, ಇದನ್ನು ನಾವು ಮರೆಯುತ್ತೇವೆ. ದಿನಗೂಲಿಯವರನ್ನು ಕರೆದರೆ ಅವರ ಅರ್ಧ ದಿನದ ದುಡಿಮೆ ಹೋಗುತ್ತದೆ. ಅದರ ದುಡ್ಡು ಕೊಡಿ. ಪ್ರಮಾಣಪತ್ರ ಮತ್ತು ಬಾಳೆಹಣ್ಣು ಕೊಟ್ಟು ಕಳಿಸಬೇಡಿ.

ಇಷ್ಟು ಹೇಳಿ ನಾನು ಮಾತು ನಿಲ್ಲಿಸಿದೆ. ಆಮೇಲೆ ಕೆಲವರು ಪ್ರಶ್ನೆ ಕೇಳಿದರು.

ಶಿಕ್ಷಕರೊಬ್ಬರು "ಸಿಲಬಸ್ ಮುಗಿಸೋದೇ ಕಷ್ಟ, ಇದಕ್ಕೆ ಟೈಮ್ ಎಲ್ಲಿ ಮೇಡಂ?" ಎಂದರು. ಅದು ನಿಜವಾದ ಕಷ್ಟ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನ ಬ್ಯಾಗ್ ಇಲ್ಲದ ದಿನಗಳು, ಬಡಗಿ, ತೋಟಗಾರ, ಕುಂಬಾರರ ಜೊತೆ ಕಲಿಕೆ ಎಂದಿದೆ. ಒಳ್ಳೆಯದೇ, ಆದರೆ ಅಷ್ಟು ಹೊತ್ತಿಗೆ ಮಕ್ಕಳ ತಲೆಯಲ್ಲಿ ಎಷ್ಟೋ ಗೆರೆ ಬಿದ್ದಿರುತ್ತದೆ. ಚಿಕ್ಕ ಮಕ್ಕಳಿಗೆ ಹತ್ತು ದಿನ ಬೇಕಾಗಿಲ್ಲ. ಪರಿಸರ ಅಧ್ಯಯನದಲ್ಲಿ "ನಮಗೆ ನೆರವಾಗುವವರು" ಥರದ ಪಾಠ ಹೇಗೂ ಇರುತ್ತದೆ. ಆ ಪಾಠದ ಚಿತ್ರ ತೋರಿಸುವ ಬದಲು ಶಾಲೆಯ ಬಿಸಿಯೂಟದ ಅಡುಗೆಯವರ ಹತ್ತಿರ ಕರೆದುಕೊಂಡು ಹೋಗಿ. ಅಷ್ಟೊಂದು ಮಕ್ಕಳಿಗೆ ಎಷ್ಟು ಅಕ್ಕಿ ಹಾಕಬೇಕು ಎಂದು ಅವರು ಹೇಗೆ ಲೆಕ್ಕ ಹಾಕುತ್ತಾರೆ ಅಂತ ಮಕ್ಕಳೇ ಕೇಳಲಿ. ಗಣಿತದ ಪಾಠವೂ ಅಲ್ಲೇ ಆಗುತ್ತದೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು, "ನನ್ನ ಮಗನಿಗೆ ಐದು ವರ್ಷ. ಜೆಸಿಬಿ ಡ್ರೈವರ್ ಆಗ್ತೀನಿ ಅಂತಾನೆ. ಅವರಪ್ಪ ರೇಗ್ತಾರೆ. ಏನು ಹೇಳಲಿ ಮೇಡಂ?" ಎಂದರು. ಸಭೆಯಲ್ಲಿ ನಗು. ಅರ್ಧ ಜನರ ಮನೆಯಲ್ಲಿ ಇದೇ ಕಥೆ ಎಂದು ಆ ನಗುವಿನಲ್ಲೇ ಗೊತ್ತಾಯಿತು.

"ಮೊದಲು ಚೆನ್ನಾಗಿ ಓದು" ಅಂತಲೂ ಹೇಳಬೇಡಿ, "ಆಗು ಕಂದ" ಅಂತಲೂ ಹೇಳಬೇಡಿ ಎಂದೆ. ಅವನು ಭವಿಷ್ಯದ ಮಾತು ಆಡುತ್ತಿಲ್ಲ, ಆ ಯಂತ್ರ ನೋಡಬೇಕು ಅನ್ನುತ್ತಿದ್ದಾನೆ. ನಿಮ್ಮ ಬೀದಿಯಲ್ಲಿ ಪೈಪ್‌ಲೈನಿಗೆ ಅಗೆಯುವಾಗ ಕರೆದುಕೊಂಡು ಹೋಗಿ, ದೂರದಲ್ಲಿ ಸುರಕ್ಷಿತವಾಗಿ ನಿಂತು ಪೂರ್ತಿ ನೋಡಿ. ಡ್ರೈವರು ಮುಂದಿನ ಬಕೆಟ್‌ನಿಂದ ಮಣ್ಣು ತಳ್ಳುತ್ತಾನೆ. ಹಿಂದಿನ ಕೈಯಿಂದ ಅಗೆಯಬೇಕಾದಾಗ ಸೀಟನ್ನೇ ಹಿಂದಕ್ಕೆ ತಿರುಗಿಸಿಕೊಂಡು ಕೂರುತ್ತಾನೆ. ಅಗೆಯುವುದಕ್ಕೆ ಮುಂಚೆ ಹಿಂಬದಿಯ ಎರಡು ಕಬ್ಬಿಣದ ಕಾಲುಗಳನ್ನು ನೆಲಕ್ಕೆ ಊರುತ್ತಾನೆ. ಅದು ಯಾಕೆ ಅಂತ ನೀವು ಹೇಳಿಕೊಡಬೇಡಿ. ಡ್ರೈವರಣ್ಣ ಊಟಕ್ಕೆ ಇಳಿದಾಗ ನಿಮ್ಮ ಮಗನೇ ಕೇಳಲಿ. ಸಾಧ್ಯವಾದರೆ ಅವರಪ್ಪನನ್ನೂ ಜೊತೆಗೆ ಕಳಿಸಿ.